14ನೇ ತಿಂಗಳಿಗೆ ಕೆಟ್ಟ ಲ್ಯಾಪ್‌ಟಾಪ್, 1930ರ ಕಾನೂನು

ನನ್ನ ಲ್ಯಾಪ್‌ಟಾಪ್ ಕೆಟ್ಟಿದ್ದು 14ನೇ ತಿಂಗಳಲ್ಲಿ. ಕೊಟ್ಟ ದುಡ್ಡು 96,000 ರೂಪಾಯಿ. ಬೆಳಿಗ್ಗೆ ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಬರಲಿಲ್ಲ. ಸರ್ವಿಸ್ ಸೆಂಟರಿನ ಹುಡುಗ ಸೀರಿಯಲ್ ನಂಬರ್ ಹೊಡೆದು ನೋಡಿ, 'ವಾರಂಟಿ ಮುಗಿದಿದೆ ಸರ್. ಬೋರ್ಡ್ ಹೋಗಿದೆ, 43,000 ಆಗುತ್ತೆ' ಎಂದ. ನಾನು ಅದನ್ನು ಬೀಳಿಸಿರಲಿಲ್ಲ, ನೀರು ಚೆಲ್ಲಿರಲಿಲ್ಲ. ಅದನ್ನೇ ಹೇಳಿದೆ. 'ಸರಿ ಸರ್, ಆದ್ರೆ ವರ್ಷ ಆಗೋಯ್ತಲ್ವಾ' ಎಂದ. ಅವನ ತಪ್ಪೇನಿಲ್ಲ. ಅವನ ಕಂಪ್ಯೂಟರಿನಲ್ಲಿ ಕಾಣುವುದು ಒಂದು ತಾರೀಖು ಅಷ್ಟೇ.

ಆ ತಾರೀಖನ್ನು ಬರೆದದ್ದು ಕಂಪನಿ. ವಾರಂಟಿ ಎಂದರೆ ಕಂಪನಿ ತಾನಾಗಿ ಕೊಡುವ ಮಾತು: ಇಷ್ಟು ದಿನದೊಳಗೆ ಕೆಟ್ಟರೆ ಹೆಚ್ಚು ಪ್ರಶ್ನೆ ಕೇಳದೆ ಸರಿಮಾಡಿಕೊಡುತ್ತೇವೆ ಅಂತ. ಮಾರಿದ ವಸ್ತು ಹೇಗಿರಬೇಕು ಅನ್ನುವ ಕಾನೂನಿನ ಮಾತು ಬೇರೆ. ಅದು ವಾರಂಟಿ ಕಾರ್ಡಿಗಿಂತ ತುಂಬ ಹಳೆಯದು, ಅದಕ್ಕೆ ಒಂದು ವರ್ಷದ ಗಡಿಯೂ ಇಲ್ಲ. ನಾವು ಎರಡನ್ನೂ ಒಂದೇ ಅಂದುಕೊಂಡು ಸುಮ್ನೆ ದುಡ್ಡು ಕಟ್ಟಿ ಬರುತ್ತೇವೆ.

ಹಿಂದೆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು ಎಣಿಸುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಮನೆಗೆ ಬಂದಮೇಲೆ ಕುಂಟಿದರೆ ಕೊಂಡವನದೇ ಹಣೆಬರಹ. ಬ್ರಿಟಿಷರ ಕಾನೂನಿನಲ್ಲೂ 'ಕೊಳ್ಳುವವನೇ ನೋಡಿಕೊಳ್ಳಲಿ' ಎಂಬುದೇ ಮೊದಲ ನಿಯಮ. ಆದರೆ ಕಾರ್ಖಾನೆ ಮಾಲು ಬಂದಮೇಲೆ ಈ ನಿಯಮ ಸಾಲಲಿಲ್ಲ. ಮುಚ್ಚಿದ ಡಬ್ಬಿಯ ಹಲ್ಲು ಎಣಿಸುವುದು ಹೇಗೆ? 1893ರಲ್ಲಿ ಬ್ರಿಟನ್ನಿನಲ್ಲಿ ಬಂದ ಸರಕು ಮಾರಾಟ ಕಾಯ್ದೆ ಇದಕ್ಕೆ ಕೆಲವು ವಿನಾಯಿತಿಗಳನ್ನು ಬರೆದಿಟ್ಟಿತು. ಅದರ ಜಾಡಿನಲ್ಲೇ ನಮ್ಮಲ್ಲಿ 1930ರ ಕಾಯ್ದೆ ಬಂತು, ಇವತ್ತಿಗೂ ಜಾರಿಯಲ್ಲಿದೆ. ಅದರ 16ನೇ ಕಲಮಿನ ಪ್ರಕಾರ, ಆ ಬಗೆಯ ವಸ್ತು ಮಾರುವ ವ್ಯಾಪಾರಿಯಿಂದ ಕೊಂಡಾಗ ಅದು ಮಾರಲು ತಕ್ಕ ಗುಣಮಟ್ಟದ್ದಾಗಿರಬೇಕು. ಕಾಗದದಲ್ಲಿ ಬರೆಯದಿದ್ದರೂ ಅದು ವ್ಯಾಪಾರದ ಷರತ್ತೇ. ಒಂದು ಕಿಂಡಿಯೂ ಇದೆ: ಎರಡೂ ಕಡೆಯವರು ಒಪ್ಪಿದರೆ ಈ ಷರತ್ತನ್ನು ಕರಾರಿನಲ್ಲಿ ತೆಗೆದುಹಾಕಬಹುದು ಎನ್ನುತ್ತದೆ 62ನೇ ಕಲಮು. ವಾರಂಟಿ ಪುಸ್ತಕದ ಸಣ್ಣ ಅಕ್ಷರಗಳು ಈ ಕಿಂಡಿಯಲ್ಲೇ ನುಸುಳುತ್ತವೆ.

ಕಾನೂನು ಇದ್ದರೂ ಒಂದು ಮಿಕ್ಸಿಗಾಗಿ ಸಿವಿಲ್ ಕೋರ್ಟಿಗೆ ಅಲೆಯಲು ಯಾರಿಂದ ಆಗುತ್ತೆ? ಅದಕ್ಕೇ 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೊಡ್ಡ ತಿರುವು. ರಾಷ್ಟ್ರಪತಿಯ ಅಂಕಿತ ಬಿದ್ದ ಡಿಸೆಂಬರ್ 24 ಈಗ ರಾಷ್ಟ್ರೀಯ ಗ್ರಾಹಕರ ದಿನ. ಜಿಲ್ಲೆ ಜಿಲ್ಲೆಗೂ ವೇದಿಕೆ ಬಂತು, ವಕೀಲರಿಲ್ಲದೆ ನಾವೇ ನಿಂತು ಹೇಳುವ ಅವಕಾಶ ಬಂತು. ಈ ಕಾಯ್ದೆ 'ದೋಷ' ಎಂಬುದನ್ನು ವಿವರಿಸುವಾಗ ಒಂದು ಮುಖ್ಯವಾದ ಮಾತು ಸೇರಿಸಿತು: ಕರಾರು ಬಾಯಿಬಿಟ್ಟು ಹೇಳಿದ್ದಾಗಲಿ, ಹೇಳದೆಯೇ ಅಡಗಿರುವುದಾಗಲಿ, ಅದರ ಗುಣಮಟ್ಟಕ್ಕೆ ಕಡಿಮೆಯಾದರೆ ದೋಷವೇ. 2019ರ ಹೊಸ ಕಾಯ್ದೆಯಲ್ಲೂ ಈ ಮಾತು ಹಾಗೇ ಉಳಿದಿದೆ. 14ನೇ ತಿಂಗಳಿಗೆ ಕೈಕೊಟ್ಟ ಲ್ಯಾಪ್‌ಟಾಪಿನ ಒಡೆಯನಿಗೆ ಇರುವ ಹಿಡಿ ಅದೇ.

ಕೆಟ್ಟಿದ್ದು ವರ್ಷದ ಮೇಲೆ, ದೋಷ ಕೊಂಡ ದಿನವೇ ಇತ್ತು ಅನ್ನುವುದು ಹೇಗೆ ಅಂತ ಕೇಳಬಹುದು. ಗ್ರಾಫಿಕ್ಸ್ ಚಿಪ್ ಮಾರುವ ಎನ್‌ವಿಡಿಯಾ ಕಂಪನಿಯ 2008ರ ಪ್ರಕರಣ ಇದಕ್ಕೆ ಒಳ್ಳೆಯ ಉತ್ತರ. ಅದರ ಕೆಲವು ಗ್ರಾಫಿಕ್ಸ್ ಚಿಪ್‌ಗಳನ್ನು ಕೂರಿಸಲು ಬಳಸಿದ ವಸ್ತುಗಳೇ ದುರ್ಬಲವಾಗಿದ್ದವು. ಲ್ಯಾಪ್‌ಟಾಪ್ ಹಾಕಿದಾಗ ಚಿಪ್ ಬಿಸಿಯಾಗಿ ಹಿಗ್ಗುತ್ತೆ, ಆರಿಸಿದಾಗ ತಣಿದು ಕುಗ್ಗುತ್ತೆ. ದಿನಾ ಹೀಗೆ ಆಗಿ ಆಗಿ ಬೆಸುಗೆ ಬಿರುಕು ಬಿಡುತ್ತೆ. ಮೊದಲ ತಿಂಗಳು ಏನೂ ಗೊತ್ತಾಗುವುದಿಲ್ಲ, ಒಂದು ದಿನ ಸ್ಕ್ರೀನ್ ಕಪ್ಪು. ದುರಸ್ತಿ, ಬದಲಾವಣೆಯ ಖರ್ಚಿಗೆಂದು ಎನ್‌ವಿಡಿಯಾ ಆಗ ತನ್ನ ಲೆಕ್ಕದಲ್ಲಿ 19.6 ಕೋಟಿ ಡಾಲರ್ ತೋರಿಸಿತು. ಡೆಲ್, ಎಚ್‌ಪಿ ಆ ಮಾದರಿಗಳ ವಾರಂಟಿಯನ್ನು ವಿಸ್ತರಿಸಿದವು. ಹತ್ತು ವರ್ಷದ ಮೇಲೆ ಆಪಲ್ ಕೂಡ ಇಂಥದ್ದೇ ದಾರಿ ಹಿಡಿಯಿತು. ಅದರ ತೆಳು 'ಬಟರ್‌ಫ್ಲೈ' ಕೀಬೋರ್ಡಿನ ಕೀಗಳು ಸಿಕ್ಕಿಕೊಳ್ಳುತ್ತಿದ್ದವು. 2018ರಲ್ಲಿ, ಕೊಂಡ ದಿನದಿಂದ ನಾಲ್ಕು ವರ್ಷದವರೆಗೆ ಉಚಿತ ದುರಸ್ತಿ ಎಂದು ಘೋಷಿಸಿತು. 2022ರಲ್ಲಿ 5 ಕೋಟಿ ಡಾಲರಿಗೆ ರಾಜಿಯನ್ನೂ ಮಾಡಿಕೊಂಡಿತು, ತಪ್ಪು ಒಪ್ಪಿಕೊಳ್ಳದೆ. ಆ ಹಣ ಅಮೆರಿಕದ ಏಳು ರಾಜ್ಯಗಳಲ್ಲಿ ಕೊಂಡವರಿಗೆ ಮಾತ್ರ. ಅವರೆಲ್ಲರ ಪರವಾಗಿ ಕೆಲವರು ಕೇಸು ಹಾಕಿದ್ದರು.

ಯುರೋಪಿನಲ್ಲಿ ಗ್ರಾಹಕರು ಇಷ್ಟು ಹೋರಾಡಬೇಕಿಲ್ಲ. ಯುರೋಪಿಯನ್ ಒಕ್ಕೂಟದ 1999ರ ನಿರ್ದೇಶನದಿಂದ ಅಲ್ಲಿ ಕನಿಷ್ಠ ಎರಡು ವರ್ಷ ಮಾರಿದವನೇ ಹೊಣೆ, ಕಂಪನಿಯ ಕಾರ್ಡಿನಲ್ಲಿ ಏನೇ ಬರೆದಿರಲಿ. ಬ್ರಿಟನ್ನಿನ 2015ರ ಕಾಯ್ದೆಯಲ್ಲಿ ವಸ್ತು ಬಾಳಿಕೆ ಬರಬೇಕು ಎಂಬುದು ಗುಣಮಟ್ಟದ ಭಾಗ. ಇಂಗ್ಲೆಂಡಿನಲ್ಲಿ ಆರು ವರ್ಷದವರೆಗೆ ದಾವೆ ಹೂಡಬಹುದು. ಮೊದಲ ಆರು ತಿಂಗಳಲ್ಲಿ ಕೆಟ್ಟರೆ, ದೋಷ ಮೊದಲು ಇರಲಿಲ್ಲ ಅಂತ ತೋರಿಸಬೇಕಾದವನು ಅಂಗಡಿಯವನು.

ನಮ್ಮ 2019ರ ಕಾಯ್ದೆ 'ಉತ್ಪನ್ನ ಹೊಣೆಗಾರಿಕೆ' ಎಂಬ ಹೊಸ ಅಧ್ಯಾಯ ತಂದಾಗ ನನಗೂ ಆಸೆ ಹುಟ್ಟಿತ್ತು. ವಿನ್ಯಾಸದ ದೋಷಕ್ಕೂ ತಯಾರಕನೇ ಹೊಣೆ ಎನ್ನುತ್ತದೆ ಅದು. ಆದರೆ 'ಹಾನಿ' ಎಂದರೆ ಏನು ಅಂತ ಓದಿದರೆ ನಿರಾಸೆ. ಬ್ಯಾಟರಿ ಸಿಡಿದು ಕೈ ಸುಟ್ಟರೆ ಅದು ಹಾನಿ. ಲ್ಯಾಪ್‌ಟಾಪ್ ತಾನೇ ಕೆಟ್ಟು ಕೂತರೆ ಈ ಅಧ್ಯಾಯದ ಲೆಕ್ಕಕ್ಕೆ ಅದು ಹಾನಿಯೇ ಅಲ್ಲ. ನಾವು ಮತ್ತೆ ಹಳೆಯ 'ದೋಷ'ದ ದಾರಿಗೇ ಬರಬೇಕು. ದುಬಾರಿ ಯಂತ್ರ ಇಂತಿಷ್ಟು ವರ್ಷ ಬಾಳಲೇಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಅದೇ ದೊಡ್ಡ ಕೊರತೆ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶ ಇದೆ. ಹಿಂದಿನ ಜಿಲ್ಲಾ ವೇದಿಕೆಗೆ ಈಗ ಜಿಲ್ಲಾ ಗ್ರಾಹಕ ಆಯೋಗ ಎಂದು ಹೆಸರು; ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರಿಗೆ ಫೋನ್ ಮಾಡಿ ನೋಡಬಹುದು. ಕಷ್ಟ ಇರುವುದು ಸಾಕ್ಷಿಯಲ್ಲಿ. ದೋಷ ತಯಾರಿಕೆಯದ್ದೇ ಅಂತ ತೋರಿಸಬೇಕಾದವರು ನಾವು. ಅದಕ್ಕೆ ಜಾಬ್ ಶೀಟ್, ಅಂದರೆ ಸರ್ವಿಸ್ ಸೆಂಟರಿನವರು ಬರೆದುಕೊಡುವ ತಪಾಸಣೆಯ ಚೀಟಿ, ತುಂಬ ಮುಖ್ಯ. ಏನು ಕೆಟ್ಟಿದೆ, ಬಿದ್ದ ಗುರುತು ಅಥವಾ ನೀರಿನ ಗುರುತು ಇದೆಯೋ ಇಲ್ಲವೋ ಅನ್ನುವುದನ್ನು ಅದರಲ್ಲಿ ಬರೆಸಿಕೊಳ್ಳಿ. ವಾರಂಟಿ ಇರುವಾಗಲೇ ಬಿಸಿಯಾಗುತ್ತೆ, ಸ್ಕ್ರೀನ್ ಮಿನುಗುತ್ತೆ ಅನ್ನಿಸಿದರೆ ಆಗಲೇ ಇಮೇಲ್‌ನಲ್ಲಿ ದೂರು ಕೊಟ್ಟಿಡಿ. ದೋಷ ವರ್ಷದೊಳಗೇ ತಲೆ ಎತ್ತಿತ್ತು ಅನ್ನಲು ಅದು ಆಧಾರವಾಗುತ್ತೆ. ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ, ಕೇಳಿಕೊಳ್ಳಿ.

ನಾನು ಇದೆಲ್ಲ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಲ್ಯಾಪ್‌ಟಾಪನ್ನು ಬೆಂಗಳೂರಿನ ಎಸ್‌.ಪಿ. ರೋಡಿಗೆ ಒಯ್ದಿದ್ದೆ. ಅಲ್ಲಿ ಚಿಪ್ ಲೆವೆಲ್ ರಿಪೇರಿ ಮಾಡುವವರು ಬೋರ್ಡಿನ ಮೇಲೆ ಒಂದು ಸಣ್ಣ ಬಿಡಿಭಾಗ ಶಾರ್ಟ್ ಆಗಿರುವುದನ್ನು ಹುಡುಕಿ ಬದಲಿಸಿದರು. 4,500 ರೂಪಾಯಿ. ಅದೇ ಕೆಲಸಕ್ಕೆ ಸರ್ವಿಸ್ ಸೆಂಟರ್ ಇಡೀ ಬೋರ್ಡ್ ಬದಲಿಸು ಎಂದಿತ್ತು.

ಈ ಅಂತರದಿಂದಲೇ 'ದುರಸ್ತಿಯ ಹಕ್ಕು' ಎಂಬ ಮಾತು ಬಲ ಪಡೆದದ್ದು. ಫ್ರಾನ್ಸ್ 2021ರಿಂದ ಲ್ಯಾಪ್‌ಟಾಪ್‌ಗಳ ಮೇಲೆ, ದುರಸ್ತಿ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ಅಂಟಿಸುವುದನ್ನು ಕಡ್ಡಾಯ ಮಾಡಿದೆ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ವರ್ಷದ ಗ್ರಾಹಕರ ದಿನದಂದು ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ಇಂಥದ್ದೇ ಅಂಕ ರೂಪಿಸಲು 2024ರಲ್ಲಿ ಇನ್ನೊಂದು ಸಮಿತಿ ಕೂತು, 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿದೆ. ಕೊಳ್ಳುವ ಮೊದಲೇ ಆ ಅಂಕ ಡಬ್ಬಿಯ ಮೇಲೆ ಕಂಡರೆ ನಮಗೂ ಹಲ್ಲು ಎಣಿಸಿ ನೋಡಲು ಏನಾದರೂ ಸಿಕ್ಕಂತಾಗುತ್ತದೆ.