ಮಂತ್ರಗಾರನ ಕಡಿವಾಣ ಸಡಿಲಿದ್ದು ಯಾವಾಗ?

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದವರಲ್ಲಿ ಹಳೆಯ ತಕರಾರೊಂದಿದೆ: ಮೊದಲ ಲೆವೆಲ್‌ಗಳಲ್ಲಿ (ಪಾತ್ರ ಬೆಳೆಯುವ ಹಂತಗಳು) ಫೈಟರ್, ಅಂದರೆ ಆಯುಧ ಹಿಡಿದು ಕಾದುವವನು, ಇಲ್ಲದೆ ತಂಡ ಉಳಿಯದು, ಹತ್ತು ದಾಟಿದ ಮೇಲೆ ಫೈಟರ್ ಯಾಕಿದ್ದಾನೆ ಎಂದೇ ತಿಳಿಯದು. ಕತ್ತಿಯ ಬಲ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ, ಮಂತ್ರಗಾರನಿಗೆ ಸ್ಪೆಲ್‌ಗಳ (ಮಂತ್ರಗಳ) ಸಂಖ್ಯೆ, ಅವುಗಳ ತೀವ್ರತೆ, ಅವು ಮಾಡಬಲ್ಲ ಕೆಲಸಗಳ ಬಗೆ ಮೂರೂ ಒಟ್ಟಿಗೆ ಬೆಳೆಯುತ್ತವೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಆಟವನ್ನು ಹೊರತಂದಾಗ ಒಂದನೇ ಲೆವೆಲ್‌ನ ಮ್ಯಾಜಿಕ್-ಯೂಸರ್‌ಗೆ (ಮಂತ್ರಗಾರನಿಗೆ ಆಗ ಇದ್ದ ಹೆಸರು) ಸಿಗುತ್ತಿದ್ದದ್ದು ಒಂದೇ ಸ್ಪೆಲ್. ಬದುಕುಳಿದರೆ ಮುಂದೆ ಬಲ ಎಂಬುದು ಲೆಕ್ಕ. ಅವನಿಗೆ ಅನುಭವದ ಅಂಕ ಹೆಚ್ಚು ಬೇಕಿತ್ತು, ಸಮತೋಲನ ಅಲ್ಲಿತ್ತು ಎನ್ನುವವರಿದ್ದಾರೆ. 1978ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ ತೆಗೆದು ನೋಡಿದರೆ ಅದು ಅರ್ಧ ಸತ್ಯ. ಎರಡನೇ ಲೆವೆಲ್‌ಗೆ ಫೈಟರ್‌ಗೆ 2,001, ಮ್ಯಾಜಿಕ್-ಯೂಸರ್‌ಗೆ 2,501 ಅಂಕ ಬೇಕು, ನಿಜ. ಆದರೆ ಒಂಬತ್ತನೇ ಲೆವೆಲ್‌ಗೆ ಫೈಟರ್‌ಗೆ 2,50,001, ಮ್ಯಾಜಿಕ್-ಯೂಸರ್‌ಗೆ ಬರೀ 1,35,001!

ನಿಜವಾದ ಕಡಿವಾಣ ಬೇರೆ ಕಡೆ ಇತ್ತು. ಮಂತ್ರ ಹೇಳುವಾಗ ಒಂದು ಏಟು ಬಿದ್ದರೂ ಸ್ಪೆಲ್ ಹೋಯಿತು. ಜೊತೆಗೆ ಹಿರಿಯ ಫೈಟರ್ ಮಂತ್ರಕ್ಕೆ ಸುಲಭಕ್ಕೆ ಬಗ್ಗುತ್ತಿರಲಿಲ್ಲ: 17ನೇ ಲೆವೆಲ್‌ನಲ್ಲಿ ಇಪ್ಪತ್ತು ಮುಖದ ದಾಳದಲ್ಲಿ 6 ಅಥವಾ ಹೆಚ್ಚು ಬಿದ್ದರೆ ಪಾರು, ಅಂದರೆ ಶೇ. 75.

2000ರಲ್ಲಿ ಬಂದ ಮೂರನೇ ಆವೃತ್ತಿ ಎರಡನ್ನೂ ಸಡಿಲಿಸಿತು. ಏಟು ಬಿದ್ದರೂ ಕಾನ್‌ಸಂಟ್ರೇಶನ್ ಚೆಕ್ (ಏಕಾಗ್ರತೆ ಉಳಿಯಿತೇ ಎಂದು ದಾಳ ಹಾಕಿ ನೋಡುವುದು) ಗೆದ್ದರೆ ಸ್ಪೆಲ್ ಉಳಿಯುತ್ತದೆ. ಮಂತ್ರದಿಂದ ತಪ್ಪಿಸಿಕೊಳ್ಳಲು ದಾಳ ಮತ್ತು ಬೋನಸ್ ಸೇರಿ ಮುಟ್ಟಬೇಕಾದ ಗುರಿಸಂಖ್ಯೆಗೆ ಸ್ಪೆಲ್‌ನ ಲೆವೆಲ್, ವಿಝರ್ಡ್‌ನ (ಮ್ಯಾಜಿಕ್-ಯೂಸರ್‌ನ ಹೊಸ ಹೆಸರು) ಬುದ್ಧಿ ಎರಡೂ ಸೇರಿದವು. ಬುದ್ಧಿ 24 ಇರುವವನ ಒಂಬತ್ತನೇ ಲೆವೆಲ್ ಸ್ಪೆಲ್‌ಗೆ ಮೂಲ 10, ಲೆವೆಲ್‌ಗೆ 9, ಬುದ್ಧಿಗೆ 7, ಒಟ್ಟು 26. 17ನೇ ಲೆವೆಲ್ ಫೈಟರ್‌ನ ವಿಲ್ ಸೇವ್ (ಮನೋಬಲದಿಂದ ಮಂತ್ರ ತಡೆಯಲು ದಾಳಕ್ಕೆ ಸೇರುವ ಬೋನಸ್) +5. ವಿಸ್ಡಮ್‌ನಿಂದ (ವಿವೇಕದ ಅಂಕ) ಒಂದು ಸೇರಿಸಿದರೆ +6. ಮಾಂತ್ರಿಕ ವಸ್ತುಗಳಿಲ್ಲದಿದ್ದರೆ 20 ಬೀಳಲೇಬೇಕು, ಶೇ. 75 ಇದ್ದದ್ದು 5ಕ್ಕಿಳಿಯಿತು. ವಿಝರ್ಡ್‌ಗೆ ಹೊಸ ಬಲ ಕೊಟ್ಟದ್ದಕ್ಕಿಂತ ಈ ಇಳಿತವೇ ಹೆಚ್ಚು ಕೆಡಿಸಿತು.

2008ರ ನಾಲ್ಕನೇ ಆವೃತ್ತಿ ಎಲ್ಲ ಕ್ಲಾಸ್‌ಗೂ (ಫೈಟರ್, ವಿಝರ್ಡ್‌ನಂಥ ಪಾತ್ರದ ಬಗೆ) ಒಂದೇ ಚೌಕಟ್ಟು ಹಾಕಿತು: ಬೇಕೆಂದಾಗ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವುದು, ದಿನಕ್ಕೊಮ್ಮೆ ಬಳಸುವುದು. ಸಮತೋಲನವೇನೋ ಬಂತು, ಆದರೆ ಎಲ್ಲ ಕ್ಲಾಸೂ ಒಂದೇ ಥರ ಎಂಬ ದೂರೂ ಬಂತು.

2014ರ ಐದನೇ ಆವೃತ್ತಿಯಲ್ಲಿ ಏಕಾಗ್ರತೆ ಬೇಡುವ ಸ್ಪೆಲ್ ಒಮ್ಮೆಗೆ ಒಂದೇ. ಸಮತೋಲನದ ಉಳಿದ ಭಾರವೆಲ್ಲ ದಿನಕ್ಕೆ ಎಷ್ಟು ಕಾಳಗ ಎಂಬುದರ ಮೇಲೆ. ಐದನೇ ಲೆವೆಲ್ ವಿಝರ್ಡ್‌ಗೆ ಮೂರನೇ ಲೆವೆಲ್ ಸ್ಲಾಟ್ (ಸ್ಪೆಲ್ ಹಾಕುವ ಅವಕಾಶ, ದೀರ್ಘ ವಿಶ್ರಾಂತಿಯ ಬಳಿಕ ಮರಳುತ್ತದೆ) ಎರಡೇ. ಒಂದು ಫೈರ್‌ಬಾಲ್ (ಬೆಂಕಿಯುಂಡೆಯ ಸ್ಪೆಲ್) ಮಾಡುವ ಹಾನಿ 8ಡಿ6, ಅಂದರೆ ಆರು ಮುಖದ ಎಂಟು ದಾಳ, ಸರಾಸರಿ 28. ನಾಲ್ವರು ಶತ್ರುಗಳಲ್ಲಿ ಇಬ್ಬರು ಸೇವ್ (ತಪ್ಪಿಸಿಕೊಳ್ಳುವ ದಾಳ) ಗೆದ್ದು ಅರ್ಧ ಏಟು ತಿಂದರೂ ಒಟ್ಟು 84. ಗ್ರೇಟ್‌ಸ್ವೋರ್ಡ್ (ದೊಡ್ಡ ಕತ್ತಿ) ಹಿಡಿದ, ಬಲದ ಬೋನಸ್ +4 ಇರುವ ಫೈಟರ್‌ನ ಎರಡೂ ಹೊಡೆತ ತಗುಲಿದರೆ ಸರದಿಗೆ 22. ಅಷ್ಟು ಹಾನಿಗೆ ನಾಲ್ಕು ಸರದಿ ಬೇಕು. ದಿನಕ್ಕೆ ಆರೆಂಟು ಕಾಳಗ ನಡೆದರೆ ಫೈಟರ್ ಸರಿದೂಗಿಸುತ್ತಾನೆ. ಒಂದೇ ಕಾಳಗ ಮುಗಿಸಿ ಮಲಗುವ ತಂಡದಲ್ಲಿ ಆಗುವುದಿಲ್ಲ, ಮತ್ತು ಹೆಚ್ಚಿನ ತಂಡಗಳು ಮಲಗುವುದೇ ಹಾಗೆ.

ಇದಕ್ಕೆ ಆಟ ನಡೆಸುವವರ ಕೈಪಿಡಿಯಾದ 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲೇ ಪರ್ಯಾಯ ನಿಯಮವಿದೆ: ಕಿರು ವಿಶ್ರಾಂತಿ 8 ಗಂಟೆ, ದೀರ್ಘ ವಿಶ್ರಾಂತಿ 7 ದಿನ. ಕಾಳಗಗಳು ವಾರದುದ್ದಕ್ಕೂ ಹರಡಿಕೊಳ್ಳುತ್ತವೆ. ಆದರೆ ಸ್ಪೆಲ್‌ಗಳ ಅವಧಿ ಹಳೆಯದೇ ಉಳಿಯುವುದರಿಂದ 8 ಗಂಟೆ ಬಾಳುವ ಮೇಜ್ ಆರ್ಮರ್ (ಮಂತ್ರದ ರಕ್ಷಾಕವಚ) ಮೊದಲ ದಿನವೇ ಮುಗಿದುಹೋಗುತ್ತದೆ. ನಿಯಮ ಬದಲಿಸುವವರು ಇಂಥ ಸ್ಪೆಲ್‌ಗಳ ಅವಧಿಯನ್ನೂ ಹಿಗ್ಗಿಸಬೇಕು.