ಮೆಚ್ಚಿನ ಬ್ಯಾಂಡಿನ ಸೌಂಡ್ ಬದಲಾದರೆ ಒಬ್ಬರಿಗೆ ಖುಷಿ, ಇನ್ನೊಬ್ಬರಿಗೆ ಸಂಕಟ ಯಾಕೆ?

ಪ್ರಶ್ನೆ: ಕಾಲೇಜು ದಿನಗಳಿಂದ ಕೇಳಿಕೊಂಡು ಬಂದ ಬ್ಯಾಂಡ್ ಒಂದಿದೆ. ಅವರ ಹೊಸ ಆಲ್ಬಮ್ ಬೇರೆ ಯಾರೋ ಮಾಡಿದ ಹಾಗಿದೆ. ಗಿಟಾರ್ ನಾಪತ್ತೆ, ಬರೀ ಕೀಬೋರ್ಡ್, ಕಂಪ್ಯೂಟರ್ ಬೀಟ್. ಒಂದು ಹಾಡೂ ಹಿಡಿಸಲಿಲ್ಲ. ನನ್ನಷ್ಟೇ ಹಳೇ ಫ್ಯಾನ್ ಆಗಿರುವ ಗೆಳೆಯ ಮಾತ್ರ ಇದೇ ಅವರ ಬೆಸ್ಟ್ ಅನ್ನುತ್ತಾನೆ. ಅವರು ಕೆಟ್ಟರೋ, ನನ್ನ ಕಿವಿಗೆ ವಯಸ್ಸಾಯಿತೋ?

ಉತ್ತರ: ನಿಮ್ಮ ಕಿವಿಗೆ ಏನೂ ಆಗಿಲ್ಲ. ಗೆಳೆಯನ ಕಿವಿಗೂ ಏನೂ ಆಗಿಲ್ಲ. ಇಷ್ಟು ವರ್ಷ ನೀವಿಬ್ಬರೂ ಒಂದೇ ಬ್ಯಾಂಡ್ ಕೇಳಿದಿರಿ, ಆದರೆ ಮೆಚ್ಚಿಕೊಂಡಿದ್ದು ಒಂದನ್ನೇ ಅಲ್ಲ.

ಹಾಡು ಎಂದರೆ ದನಿ, ಮಾತು, ವಾದ್ಯ, ತಾಳ ಎಲ್ಲ ಒಟ್ಟಿಗೇ ಬರುತ್ತವೆ. ಯಾರಿಗೆ ಯಾವುದು ಬೇಕಿತ್ತು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಅದರಲ್ಲಿ ಒಂದನ್ನು ತೆಗೆದ ದಿನ ಗುಟ್ಟು ರಟ್ಟಾಗುತ್ತದೆ. ಗಿಟಾರಿಗಾಗಿ ಬಂದವರು ಬರಿಗೈಲಿ ನಿಲ್ಲುತ್ತಾರೆ. ಆ ದನಿಯೊಳಗಿನ ಒಂಟಿತನಕ್ಕಾಗಿ ಬಂದವರಿಗೆ ಏನಾದರೂ ಕಳೆದುಹೋಗಿದೆ ಅಂತ ಅನ್ನಿಸುವುದೇ ಇಲ್ಲ.

ನೀವು ಹೇಳಿದ್ದಕ್ಕೆ ಬಹಳ ಹತ್ತಿರದ ಕಥೆ ಇಂಗ್ಲೆಂಡಿನ ಬ್ಯಾಂಡ್ ರೇಡಿಯೋಹೆಡ್‌ನದು. 1997ರ 'ಓಕೆ ಕಂಪ್ಯೂಟರ್' ಅವರನ್ನು ಗಿಟಾರ್ ಬ್ಯಾಂಡುಗಳ ಮುಂದಿನ ಸಾಲಿಗೆ ತಂದಿತ್ತು. ಎಲ್ಲರೂ ಅದರ ಮುಂದಿನ ಭಾಗಕ್ಕೆ ಕಾದಿದ್ದರು. 2000ದ ಅಕ್ಟೋಬರಿನಲ್ಲಿ ಬಂದಿದ್ದು 'ಕಿಡ್ ಎ'. ಮೊದಲ ಹಾಡು ಶುರುವಾಗುವುದೇ ಎಲೆಕ್ಟ್ರಿಕ್ ಕೀಬೋರ್ಡಿನಿಂದ. ಗಾಯಕ ಥಾಮ್ ಯಾರ್ಕ್ ಅವರ ದನಿಯನ್ನು ಕತ್ತರಿಸಿ, ತುಂಡು ತುಂಡಾಗಿ ಸುತ್ತ ಹರಡಿದ್ದಾರೆ. ಇನ್ನೊಂದು ಹಾಡನ್ನು ಕಟ್ಟಿರುವುದು, ಪಾಲ್ ಲ್ಯಾನ್ಸ್ಕಿ ಎಂಬ ಸಂಯೋಜಕರು 1973ರಲ್ಲಿ ಕಂಪ್ಯೂಟರಿನಲ್ಲಿ ಮಾಡಿದ್ದ ಸಂಗೀತದ ಕೆಲವೇ ಸೆಕೆಂಡುಗಳ ಮೇಲೆ. ಒಂದು ಹಾಡನ್ನೂ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ, ಮಾರಾಟಕ್ಕೆ ಬಿಡಲಿಲ್ಲ. ಆದರೂ ಅಮೆರಿಕದ ಪಟ್ಟಿಯಲ್ಲಿ ಆಲ್ಬಮ್ ಮೊದಲ ಸ್ಥಾನದಲ್ಲೇ ಶುರುವಾಯಿತು. ಕೆಲವು ವಿಮರ್ಶಕರು ಚೆನ್ನಾಗಿ ಝಾಡಿಸಿದರು, ಕೆಲವರು ತಲೆ ಮೇಲೆ ಹೊತ್ತರು. ದಶಕ ಮುಗಿದಾಗ 'ರೋಲಿಂಗ್ ಸ್ಟೋನ್' ಪತ್ರಿಕೆ ಅದನ್ನೇ ಆ ದಶಕದ ಅತ್ಯುತ್ತಮ ಆಲ್ಬಮ್ ಅಂತ ಆರಿಸಿತು.

ಇದನ್ನು ಹೇಳಿದ ಕೂಡಲೇ "ನೋಡಿದ್ರಾ, ಆಮೇಲೆ ಎಲ್ಲರಿಗೂ ಅರ್ಥವಾಯ್ತು" ಅನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಸೌಂಡ್ ಬದಲಿಸಿಕೊಂಡು ಹಾಗೇ ಮರೆತುಹೋದ ಆಲ್ಬಮ್‌ಗಳು ಬೇಕಾದಷ್ಟಿವೆ, ಅವುಗಳ ಕಥೆ ಯಾರೂ ಹೇಳುವುದಿಲ್ಲ ಅಷ್ಟೇ. ಬದಲಾವಣೆ ಅಂದಮಾತ್ರಕ್ಕೆ ಅದು ಧೈರ್ಯವೂ ಅಲ್ಲ, ಮೋಸವೂ ಅಲ್ಲ.

ಮೊದಲ ಸಲ ಕೇಳಿದಾಗ ಯಾಕಷ್ಟು ಕಿರಿಕಿರಿ? ಸಂಗೀತದ ಸುಖದಲ್ಲಿ ದೊಡ್ಡ ಪಾಲು ಊಹೆಯದು. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದನ್ನು ಮಿದುಳಿನ ಸ್ಕ್ಯಾನಿನಲ್ಲಿ ತೋರಿಸಿದರು. ಮೈ ಜುಮ್ಮೆನ್ನುವ ಗಳಿಗೆಯಲ್ಲಿ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಅದು ಮಾತ್ರವಲ್ಲ, ಆ ಗಳಿಗೆ ಇನ್ನೇನು ಬಂತು ಅಂತ ಕಾಯುವಾಗಲೂ, ಮಿದುಳಿನ ಇನ್ನೊಂದು ಭಾಗದಲ್ಲಿ, ಆಗುತ್ತದೆ. ಮೆಚ್ಚಿನ ಬ್ಯಾಂಡಿನ ವಿಷಯದಲ್ಲಿ ಈ ಕಾಯುವಿಕೆ ಪಳಗಿರುತ್ತದೆ. ಡ್ರಮ್ ಎಲ್ಲಿ ಒಳಗೆ ಬರುತ್ತದೆ, ಗಿಟಾರ್ ಎಲ್ಲಿ ಏರುತ್ತದೆ ಅಂತ ಹೊಸ ಹಾಡಿನಲ್ಲೂ ಅರ್ಧ ಗೊತ್ತಿರುತ್ತದೆ. ಕತ್ತಲಲ್ಲೂ ಕೈ ಸೀದಾ ಸ್ವಿಚ್ ಮೇಲೆ ಹೋಗುತ್ತದಲ್ಲ, ಹಾಗೆ. ಸೌಂಡ್ ಬದಲಾದಾಗ ಸ್ವಿಚ್‌ಗಳನ್ನೆಲ್ಲ ಬೇರೆ ಗೋಡೆಗೆ ಹಾಕಿದಂತೆ ಆಗುತ್ತದೆ. ಕೈ ತಡಕಾಡುತ್ತದೆ, ಸಿಟ್ಟು ಬರುತ್ತದೆ. ಹಾಗಾಗಿ ಮೊದಲ ಸಲ ನಾವು ಇರುವುದನ್ನು ಕೇಳುವುದಕ್ಕಿಂತ ಇಲ್ಲದ್ದನ್ನು ಹುಡುಕುವುದೇ ಜಾಸ್ತಿ.

ಮತ್ತೆ ಮತ್ತೆ ಎದುರಾದದ್ದರ ಮೇಲೆ ಒಲವು ಬೆಳೆಯುತ್ತದೆ ಅಂತ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲೇ ತೋರಿಸಿದ್ದರು. ಇದಕ್ಕೂ ಮಿತಿ ಇದೆ. ಮೊದಲೇ ತಲೆನೋವು ತರಿಸಿದ ಹಾಡನ್ನು ಹತ್ತು ಸಲ ಹಾಕಿದರೆ ತಲೆನೋವೇ ಹೆಚ್ಚಬಹುದು. ಆದರೆ ಒಂದೇ ಸಲ, ಅದೂ ಫೋನಿನಲ್ಲಿ, ಅರ್ಧರ್ಧ ಸ್ಕಿಪ್ ಮಾಡಿ ಕೇಳಿ ತೀರ್ಪು ಕೊಟ್ಟರೆ ಅದು ತೀರಾ ಅವಸರದ ತೀರ್ಪು.

ಇನ್ನೊಂದು ತೊಡಕು ನಿಮ್ಮ ಪ್ರಶ್ನೆಯೊಳಗೇ ಇದೆ: "ಕಾಲೇಜು ದಿನಗಳಿಂದ". ಹದಿಹರೆಯ ಮತ್ತು ಇಪ್ಪತ್ತರ ಆಸುಪಾಸಿನ ನೆನಪುಗಳು ಬೇರೆಲ್ಲದಕ್ಕಿಂತ ಗಟ್ಟಿಯಾಗಿ ಉಳಿಯುತ್ತವೆ. ಆಗ ಕೇಳಿದ ಹಾಡುಗಳೂ ಅಷ್ಟೇ. ಪಾಪ, ಹೊಸ ಹಾಡು ಸ್ಪರ್ಧೆ ಮಾಡಬೇಕಾದದ್ದು ಹಳೇ ಹಾಡಿನ ಜೊತೆ ಮಾತ್ರವಲ್ಲ, ಆ ಹಾಡಿಗೆ ಅಂಟಿಕೊಂಡ ನಿಮ್ಮ ಇಪ್ಪತ್ತನೇ ವಯಸ್ಸಿನ ಜೊತೆಗೂ.

ಇಷ್ಟೆಲ್ಲ ಒಬ್ಬರ ಕಿವಿಯೊಳಗಿನ ಮಾತು. ಜಗಳ ಜೋರಾಗುವುದು ಸಂಗೀತ ಒಂದು ಗುಂಪಿನ ಗುರುತಾಗಿದ್ದಾಗ. ಇದಕ್ಕೆ ಅಮೆರಿಕದ ಗಾಯಕ ಬಾಬ್ ಡಿಲನ್‌ರಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1965ರ ಜುಲೈ 25ರಂದು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದು, ಬ್ಯಾಂಡ್ ಕಟ್ಟಿಕೊಂಡು ವೇದಿಕೆಗೆ ಬಂದರು. ಬ್ಯಾಂಡಿನೊಂದಿಗೆ ಮೂರೇ ಹಾಡು. ಕೂಗಾಟ ಎದ್ದಿತು. ಕೂಗಿದ್ದು ಎಲೆಕ್ಟ್ರಿಕ್ ಗಿಟಾರಿಗೋ, ಕೆಟ್ಟ ಮೈಕಿಗೋ, ಬೇಗ ಮುಗಿದುಹೋಗಿದ್ದಕ್ಕೋ ಅನ್ನುವ ವಾದ ಇವತ್ತಿಗೂ ನಿಂತಿಲ್ಲ. ಆ ಕಾಲದ ಜಾನಪದ ಸಂಗೀತದವರಿಗೆ ಅಕೂಸ್ಟಿಕ್ (ಕರೆಂಟಿಲ್ಲದ) ಗಿಟಾರ್ ಬರೀ ವಾದ್ಯವಾಗಿರಲಿಲ್ಲ. ನಾವು ಮಾರಾಟಕ್ಕಿಲ್ಲ, ಹೋರಾಟದ ಕಡೆಗಿದ್ದೇವೆ ಅನ್ನುವ ನಿಲುವಾಗಿತ್ತು. ಅವರ ಕಣ್ಣಿಗೆ ಎಲೆಕ್ಟ್ರಿಕ್ ಗಿಟಾರ್ ಪಾಪ್ ಮಾರುಕಟ್ಟೆಯ ಸಾಮಾನು. ವಿಚಿತ್ರ ನೋಡಿ, ಆ ಉತ್ಸವಕ್ಕೆ ಐದು ದಿನ ಮೊದಲಷ್ಟೇ ಬಿಡುಗಡೆಯಾಗಿದ್ದ 'ಲೈಕ್ ಎ ರೋಲಿಂಗ್ ಸ್ಟೋನ್' ಆರು ನಿಮಿಷಕ್ಕೂ ಉದ್ದದ ಹಾಡಾಗಿದ್ದರೂ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು. ಒಂದೇ ಹೆಸರಿನ ಕೆಳಗೆ ಎರಡು ಜನಸಮೂಹ.

ಮುಂದಿನ ವರ್ಷ, 1966ರ ಮೇ 17ರಂದು, ಮ್ಯಾಂಚೆಸ್ಟರಿನಲ್ಲಿ ಕಾರ್ಯಕ್ರಮ. ಮೊದಲರ್ಧ ಡಿಲನ್ ಒಬ್ಬರೇ, ಕೈಲಿ ಅಕೂಸ್ಟಿಕ್ ಗಿಟಾರ್. ಸಭೆ ಉಸಿರು ಬಿಗಿಹಿಡಿದು ಕೇಳಿತು. ಎರಡನೇ ಅರ್ಧಕ್ಕೆ ಬ್ಯಾಂಡ್ ಬಂತು. ಹಾಡುಗಳ ನಡುವೆ ಒಬ್ಬ "ಜೂಡಾಸ್!" ಅಂತ ಕೂಗಿದ. ಏಸುವಿಗೆ ದ್ರೋಹ ಬಗೆದವನ ಹೆಸರು! ಗಿಟಾರ್ ಬದಲಿಸಿದ್ದಕ್ಕೆ ಇಷ್ಟು ದೊಡ್ಡ ಬೈಗುಳ. ಡಿಲನ್ ಬ್ಯಾಂಡಿನ ಕಡೆ ತಿರುಗಿ ಜೋರಾಗಿ ನುಡಿಸಿ ಅಂದು, 'ಲೈಕ್ ಎ ರೋಲಿಂಗ್ ಸ್ಟೋನ್' ಶುರುಮಾಡಿದರು. ಧ್ವನಿಮುದ್ರಣ ಇದೆ, ಕೇಳಬಹುದು. ಈ ಬೊಬ್ಬೆ ತಡೆಯಲಾರದೆ ಡ್ರಮ್ಮರ್ ಲೆವಾನ್ ಹೆಲ್ಮ್ 1965ರ ಕೊನೆಯಲ್ಲೇ ಪ್ರವಾಸ ಬಿಟ್ಟುಹೋಗಿದ್ದರು. ನನಗೆ ಮಜಾ ಅನ್ನಿಸುವುದು ಇದು: ಮ್ಯಾಂಚೆಸ್ಟರಿನ ಹೊತ್ತಿಗೆ ಡಿಲನ್ ವೇದಿಕೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹತ್ತು ತಿಂಗಳಾಗಿತ್ತು, ರೆಕಾರ್ಡುಗಳು ಅಂಗಡಿಯಲ್ಲಿದ್ದವು. ಆದರೂ ಜನ ಟಿಕೆಟ್ ಕೊಂಡು ಬಂದು ಕೂಗಿದರು. ಬೇಡವಾದವರ ಮೇಲೆ ಯಾರೂ ಇಷ್ಟು ಖರ್ಚು ಮಾಡುವುದಿಲ್ಲ, ಅಲ್ವಾ?

"ದುಡ್ಡಿಗಾಗಿ ಬದಲಾದರು" ಅನ್ನುವುದು ಅಭಿಮಾನಿಗಳ ಖಾಯಂ ಆರೋಪ. ಕೆಲವೊಮ್ಮೆ ಅದರಲ್ಲಿ ಹುರುಳಿರುತ್ತದೆ. ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ 1991ರಲ್ಲಿ ಬಾಬ್ ರಾಕ್ ಎಂಬ ಹೊಸ ಪ್ರೊಡ್ಯೂಸರ್ ಜೊತೆ ಸೇರಿ, ಉದ್ದುದ್ದ, ವೇಗದ ಹಾಡುಗಳನ್ನು ಬಿಟ್ಟು ನಿಧಾನದ, ಚಿಕ್ಕ ಹಾಡುಗಳಿಗೆ ಬಂತು. ಹಳೇ ಫ್ಯಾನ್ಸ್ ಉರಿದುಬಿದ್ದರು. ಆಲ್ಬಮ್ ಅಮೆರಿಕದಲ್ಲೇ 1.6 ಕೋಟಿಗೂ ಹೆಚ್ಚು ಪ್ರತಿ ಮಾರಿತು. ಇದೇ ಆರೋಪ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮೇಲೂ ಬಂತು. 1970ರಲ್ಲಿ ಅವರು ಜಾಝ್‌ಗೆ ಎಲೆಕ್ಟ್ರಿಕ್ ಪಿಯಾನೋ, ರಾಕ್ ತಾಳ ಬೆರೆಸಿ 'ಬಿಚಸ್ ಬ್ರೂ' ತಂದಾಗ, ಯುವಕರ ಕಾಸಿಗೆ ಕೈಚಾಚಿದರು ಅಂದರು. ಚೆನ್ನಾಗಿ ಮಾರಿದ್ದೂ ನಿಜ. ಆದರೆ ಅದರ ಶೀರ್ಷಿಕೆ ಹಾಡು 27 ನಿಮಿಷ ಇದೆ. ಹಾಡುವವರಿಲ್ಲ, ಗುನುಗಲು ಒಂದು ಸಾಲಿಲ್ಲ. ಸುಲಭದ ದುಡ್ಡು ಬೇಕಾದವರು ಹೀಗೆ ಮಾಡ್ತಾರಾ?

ಹೊರಗಿನಿಂದ ಹುಚ್ಚಾಟದಂತೆ ಕಂಡದ್ದಕ್ಕೆ ಒಳಗೆ ಬೇರೆಯೇ ಕಾರಣ ಇರಬಹುದು. ಗಾಯಕ ನೀಲ್ ಯಂಗ್ 1980ರ ದಶಕದ ಶುರುವಿನಲ್ಲಿ 'ಟ್ರಾನ್ಸ್' ಎಂಬ ಆಲ್ಬಮ್ ಮಾಡಿದರು. ವೋಕೋಡರ್ ಎಂಬ ಯಂತ್ರದ ಮೂಲಕ ದನಿಯನ್ನು ರೋಬೋ ಥರ ಮಾಡಿದ್ದರು, ಮಾತೇ ತಿಳಿಯುತ್ತಿರಲಿಲ್ಲ. ಅಭಿಮಾನಿಗಳು ತಲೆ ಚಚ್ಚಿಕೊಂಡರು. ಯಂಗ್ ಅವರಿಗೊಬ್ಬ ಪುಟ್ಟ ಮಗನಿದ್ದ, ಸೆರೆಬ್ರಲ್ ಪಾಲ್ಸಿ ಎಂಬ ಮಿದುಳಿನ ತೊಂದರೆಯಿಂದಾಗಿ ಮಾತು ಬರುತ್ತಿರಲಿಲ್ಲ. ಅವನ ಜೊತೆ ಸಂವಹನ ಮಾಡುವ ಪರದಾಟವೇ ಆ ಹಾಡುಗಳು ಅಂತ ಯಂಗ್ ಮುಂದೆ ಹೇಳಿದರು. ಅರ್ಥವಾಗದ ಮಾತೇ ಅಲ್ಲಿನ ವಿಷಯವಾಗಿತ್ತು. ರೆಕಾರ್ಡ್ ಕಂಪನಿ ಒಳ್ಳೆ ರಾಕ್ ಅಂಡ್ ರೋಲ್ ಕೊಡಿ ಅಂದಿತು. ಅವರು 1950ರ ದಶಕದ ಧಾಟಿಯಲ್ಲಿ 25 ನಿಮಿಷದ ಆಲ್ಬಮ್ ಒಂದನ್ನು ಕೈಗಿಟ್ಟರು. 1983ರಲ್ಲಿ ಕಂಪನಿ 33 ಲಕ್ಷ ಡಾಲರ್ ಕೇಳಿ ದಾವೆ ಹೂಡಿತು: ಈ ರೆಕಾರ್ಡುಗಳು ನೀಲ್ ಯಂಗ್ ಮಾಡುವಂಥವಲ್ಲ ಅಂತ! ಕೊನೆಗೆ ರಾಜಿಯಾಯಿತು. ಅಭಿಮಾನಿ ಮನಸ್ಸಲ್ಲಿ ಅಂದುಕೊಳ್ಳುವುದನ್ನೇ ಕಂಪನಿಯೊಂದು ಕೋರ್ಟಿಗೆ ಒಯ್ದ ಪ್ರಕರಣ ಇದು. ಹಾಗಂತ 'ಟ್ರಾನ್ಸ್' ನಿಮಗೆ ಹಿಡಿಸಲೇಬೇಕು ಅಂತಿಲ್ಲ. ಕಾರಣ ಗೊತ್ತಾದಮೇಲೂ ಕೇಳುವುದು ನಿಮ್ಮ ಕಿವಿಯೇ.

ದೇಹದ ಮಾತೂ ಇದೆ, ನಾವು ಅದನ್ನು ಮರೆಯುತ್ತೇವೆ. ಎಲ್ಟನ್ ಜಾನ್‌ಗೆ 1987ರಲ್ಲಿ ಗಂಟಲ ಆಪರೇಷನ್ ಆಯಿತು, ಆಮೇಲೆ ಅವರ ದನಿ ತಗ್ಗಿತು. ಜೋನಿ ಮಿಚೆಲ್ 'ಬೋತ್ ಸೈಡ್ಸ್ ನೌ' ಹಾಡನ್ನು 1969ರಲ್ಲಿ ಒಂದು ಗಿಟಾರ್ ಇಟ್ಟುಕೊಂಡು ಹಾಡಿದ್ದರು. ತೆಳು ದನಿ, ಮೇಲಿನ ಸ್ವರಕ್ಕೆ ಸಲೀಸಾಗಿ ಜಿಗಿಯುತ್ತದೆ. 2000ದಲ್ಲಿ ಅದನ್ನೇ ದೊಡ್ಡ ಆರ್ಕೆಸ್ಟ್ರಾ ಜೊತೆ ಮತ್ತೆ ಹಾಡಿದರು. ದನಿ ಎಷ್ಟೋ ಇಳಿದಿದೆ, ಒರಟಾಗಿದೆ, ಜಿಗಿತ ಇಲ್ಲ, ಹಾಡು ಮೊದಲಿಗಿಂತ ಒಂದು ನಿಮಿಷದಷ್ಟು ಹೆಚ್ಚು ಉದ್ದವಾಗಿದೆ. ಬದುಕನ್ನು ಎರಡೂ ಕಡೆಯಿಂದ ನೋಡಿದ್ದೇನೆ ಅನ್ನುವ ಹಾಡು ಅದು. ಇಪ್ಪತ್ತರ ಹರೆಯದ ಹುಡುಗಿ ಹೇಳಿದಾಗ ಚೆಂದ, ಐವತ್ತು ದಾಟಿದ ಹೆಂಗಸು ಹೇಳಿದಾಗ ನಂಬಿಕೆ ಬರುತ್ತದೆ. ನನಗೆ ಎರಡನೆಯದೇ ಇಷ್ಟ. ಆ ಎಳೆಯ ದನಿಗೆ ಮನಸೋತವರು ಮೊದಲನೆಯದನ್ನು ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಬೇಕಾಗಿಯೂ ಇಲ್ಲ.

ಈಗ ನಿಮ್ಮ ಬ್ಯಾಂಡಿಗೆ ಬರೋಣ. ಹಳೇ ಹಾಡುಗಳಲ್ಲಿ ತುಂಬಾ ಇಷ್ಟವಾದ ಮೂರನ್ನು ಹಾಕಿ. ಪ್ರತಿಯೊಂದರಲ್ಲೂ ನೀವು ಕಾಯುವ ಗಳಿಗೆ ಯಾವುದು ಅಂತ ಗಮನಿಸಿ. ಮೂರರಲ್ಲೂ ಅದು ಗಿಟಾರಿನದೇ ಆಗಿದ್ದರೆ ಈ ಹೊಸ ಆಲ್ಬಮ್ ನಿಮಗಾಗಿ ಮಾಡಿದ್ದಲ್ಲ. ಸುಮ್ನೆ ಒದ್ದಾಡಬೇಡಿ. ಆಗ ಹಳೇ ಆಲ್ಬಮ್‌ಗಳ ಕ್ರೆಡಿಟ್ಸ್ ತೆರೆದು, ಗಿಟಾರ್ ನುಡಿಸಿದವರು, ಪ್ರೊಡ್ಯೂಸ್ ಮಾಡಿದವರು ಬೇರೆ ಏನೇನು ಮಾಡಿದ್ದಾರೆ ನೋಡಿ. ನಿಮಗೆ ಬೇಕಾದ ಸೌಂಡ್ ಅವರ ಜೊತೆಗೇ ಬೇರೆಲ್ಲೋ ಹೋಗಿರುತ್ತದೆ. ಕಾಯುತ್ತಿದ್ದದ್ದು ದನಿಗೋ, ಮಾತಿನ ತಿರುವಿಗೋ ಆಗಿದ್ದರೆ ಹೊಸದಕ್ಕೆ ಇನ್ನೊಂದು ಅವಕಾಶ ಕೊಡಿ. ಸ್ವಲ್ಪ ದಿನ ಬಿಟ್ಟು, ಹಳೆಯದನ್ನು ಕೇಳಿದ ಕೂಡಲೇ ಅಲ್ಲದೆ, ಮೊದಲ ಹಾಡು ಬಿಟ್ಟು ನಡುವಿನಿಂದ ಶುರುಮಾಡಿ.

ಗೆಳೆಯನ ಜೊತೆ ಯಾವುದು ಬೆಸ್ಟ್ ಅಂತ ವಾದ ಬೇಡ, ಅದು ಮುಗಿಯುವುದಿಲ್ಲ. ಹೊಸದರಲ್ಲಿ ಅವನಿಗೆ ಇಷ್ಟವಾದ ಹಾಡು ಯಾವುದು, ಅದರಲ್ಲಿ ಯಾವ ನಿಮಿಷ ಅಂತ ಕೇಳಿ. ಅವನು ಬೆರಳಿಟ್ಟು ತೋರಿಸಿದ ಆ ಜಾಗವನ್ನು ಒಮ್ಮೆ ಕೇಳಿನೋಡಿ.