ಬ್ರೇಕು ಕೈಕೊಟ್ಟಾಗ ಹೊಣೆ ಯಾರದು?

2015ರ ಫೆಬ್ರವರಿ 9ರಂದು ಇಂಗ್ಲೆಂಡಿನ ಬಾತ್ ನಗರದ ಕಡಿದಾದ ಇಳಿಜಾರಿನಲ್ಲಿ ಲೋಡು ತುಂಬಿದ್ದ ಟಿಪ್ಪರ್ ಲಾರಿಯೊಂದರ ಬ್ರೇಕು ಕೈಕೊಟ್ಟಿತು. 4 ವರ್ಷದ ಒಬ್ಬ ಹುಡುಗಿ ಮತ್ತು ಕಾರೊಂದರಲ್ಲಿದ್ದ ಮೂವರು ಗಂಡಸರು ಪ್ರಾಣ ಬಿಟ್ಟರು. ಸ್ಟೇರಿಂಗ್ ಹಿಡಿದಿದ್ದ ಹುಡುಗನಿಗೆ 19 ವರ್ಷ. ಇಂಥ ಸುದ್ದಿ ಬಂದಾಗ ಎಲ್ಲರ ಬೆರಳು ಮೊದಲು ತಿರುಗುವುದು ಡ್ರೈವರ್ ಕಡೆಗೆ. ನ್ಯಾಯಾಲಯ ಅವನನ್ನು ನಿರ್ದೋಷಿ ಎಂದು ಬಿಟ್ಟಿತು. ನರಹತ್ಯೆಯ ಅಪರಾಧ ಸಾಬೀತಾಗಿ ಜೈಲಿಗೆ ಹೋದವರು ಇಬ್ಬರು: ಲಾರಿ ಕಂಪನಿಯ ಮಾಲೀಕ ಮತ್ತು ಆ ಗಾಡಿಯ ತಪಾಸಣೆ ಮಾಡುತ್ತಿದ್ದ ಮೆಕ್ಯಾನಿಕ್. 2017ರ ಜನವರಿಯಲ್ಲಿ ಮಾಲೀಕನಿಗೆ ಏಳೂವರೆ ವರ್ಷ, ಮೆಕ್ಯಾನಿಕ್‌ಗೆ ಐದು ವರ್ಷ ಮೂರು ತಿಂಗಳ ಶಿಕ್ಷೆಯಾಯಿತು.

ಅಪಘಾತ ನಡೆದಾಗ ಈ ಇಬ್ಬರೂ ಆ ಗಾಡಿಯನ್ನು ಓಡಿಸುತ್ತಿರಲಿಲ್ಲ. ಆದರೂ ತಪ್ಪು ಅವರದೇ ಎಂದು ಕಾನೂನು ಹೇಳಿತು. ಈ ತಿಳಿವಳಿಕೆಗೆ ಬರಲು ಸಮಾಜಕ್ಕೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಕುದುರೆ ಗಾಡಿಯ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ಗಾಡಿಯವನೇ ಕುದುರೆಯ ಲಾಳ ನೋಡುತ್ತಿದ್ದ, ಅಚ್ಚಿಗೆ ಎಣ್ಣೆ ಬಿಡುತ್ತಿದ್ದ. ದಣಿದ ಕುದುರೆ ತಾನಾಗಿಯೇ ನಿಂತುಬಿಡುತ್ತಿತ್ತು. ಮೋಟಾರು ಗಾಡಿ ಹಾಗೆ ನಿಲ್ಲುವುದಿಲ್ಲ. ಒಳಗೆ ಬಿರುಕು ಬಿಟ್ಟಿದ್ದರೂ ಕೊನೆಯ ಗಳಿಗೆಯವರೆಗೆ ಚೆನ್ನಾಗಿಯೇ ಓಡುತ್ತದೆ. ಇದರ ಬೆಲೆ ಎಷ್ಟೆಂದು ಇಂಗ್ಲೆಂಡಿಗೆ ಗೊತ್ತಾದದ್ದು 1906ರ ಜುಲೈ 12ರಂದು. ಲಂಡನ್ನಿನ ವ್ಯಾನ್‌ಗಾರ್ಡ್ ಬಸ್ಸೊಂದು ಪ್ರವಾಸಿಗರನ್ನು ಹೊತ್ತು ಬ್ರೈಟನ್ ಕಡೆಗೆ ಹೊರಟಿತ್ತು. ಹ್ಯಾಂಡ್‌ಕ್ರಾಸ್ ಗುಡ್ಡದ ಇಳಿಜಾರಿನಲ್ಲಿ ಯಂತ್ರದ ಭಾಗ ಮುರಿದು ಬಸ್ಸು ಹಿಡಿತ ತಪ್ಪಿತು, ಮರಕ್ಕೆ ಬಡಿಯಿತು. ಹತ್ತು ಮಂದಿ ಸತ್ತರು.

ಲಂಡನ್ನಿನಲ್ಲಿ ಬಸ್ಸುಗಳಿಗೆ ಪೊಲೀಸ್ ಇಲಾಖೆಯೇ ವರ್ಷಕ್ಕೊಮ್ಮೆ ಯೋಗ್ಯತಾ ಪರವಾನಗಿ ಕೊಡುತ್ತಿತ್ತು. ಆ ಪರವಾನಗಿಯ ಗಡುವಿಗೆ ಸಾವಿರಾರು ಬಸ್ಸುಗಳನ್ನು ಸಿದ್ಧಪಡಿಸಬೇಕಾದ ಒತ್ತಡದಿಂದ ಹುಟ್ಟಿದ್ದೇ ಚಿಸ್ವಿಕ್ ಕಾರ್ಯಾಗಾರ. ಲಂಡನ್ ಜನರಲ್ ಆಮ್ನಿಬಸ್ ಕಂಪನಿ 1921ರಲ್ಲಿ ಇದನ್ನು ತೆರೆಯಿತು. ಕೆಟ್ಟ ಮೇಲೆ ರಿಪೇರಿ ಮಾಡುವ ಜಾಗ ಇದಾಗಿರಲಿಲ್ಲ. ಚೆನ್ನಾಗಿ ಓಡುತ್ತಿರುವ ಬಸ್ಸೂ ಸರದಿ ಬಂದಾಗ ಒಳಗೆ ಬರಲೇಬೇಕು, ಬಿಚ್ಚಿಸಿಕೊಳ್ಳಲೇಬೇಕು. ಬಾಡಿಯನ್ನು ಚಾಸಿಯಿಂದ ಎತ್ತಿ ಬೇರೆ ಮಾಡುತ್ತಿದ್ದರು, ಒಂದೊಂದು ಭಾಗವನ್ನೂ ಅದರದರ ವಿಭಾಗ ಪರೀಕ್ಷಿಸುತ್ತಿತ್ತು. ಚಾಸಿಯ ಕೆಲಸ ಬೇಗ ಮುಗಿಯುತ್ತಿತ್ತು, ಬಾಡಿಯದು ತಡವಾಗುತ್ತಿತ್ತು. ಹಾಗಾಗಿ ಹೆಚ್ಚುವರಿ ಬಾಡಿಗಳನ್ನು ಸಿದ್ಧವಿಟ್ಟುಕೊಂಡು, ಬಂದ ಚಾಸಿಯ ಮೇಲೆ ಬೇರೆ ಬಾಡಿ ಕೂರಿಸಿ ಕಳಿಸುತ್ತಿದ್ದರು. ಇಂದು ಎಲ್ಲ ದೊಡ್ಡ ವಾಹನ ಕಂಪನಿಗಳೂ ಹೇಳುವ ‘ಮುಂಜಾಗ್ರತಾ ನಿರ್ವಹಣೆ’ಯ ಮೂಲ ತತ್ತ್ವ ಇಲ್ಲೇ ಇದೆ. ಗಾಡಿ ರಿಪೇರಿಯಲ್ಲಿ ನಿಂತರೆ ಅದರ ಜಾಗಕ್ಕೆ ಇನ್ನೊಂದು ಇರಬೇಕು. ಬದಲಿ ಗಾಡಿಯೇ ಇಲ್ಲದ ಕಂಪನಿಯಲ್ಲಿ ಎಂಥ ಪ್ರಾಮಾಣಿಕ ಮ್ಯಾನೇಜರ್ ಕೂಡ ‘ಇವತ್ತೊಂದು ಟ್ರಿಪ್ ಮುಗಿಸಿ ಬಾ, ನಾಳೆ ನೋಡೋಣ’ ಎನ್ನುತ್ತಾನೆ. ಹೆಚ್ಚಿನ ಅನಾಹುತಗಳ ಬೇರು ಈ ಮಾತಿನಲ್ಲಿದೆ ಎಂದು ನಾನು ನಂಬಿದ್ದೇನೆ.

ಸರಕು ಲಾರಿಗಳ ವಿಷಯಕ್ಕೆ ಕಾನೂನು ಬಂದದ್ದು 1930ರ ದಶಕದಲ್ಲಿ. ಬ್ರಿಟನ್ನಿನ 1933ರ ಕಾಯ್ದೆ ಲಾರಿಗಳಿಗೆ ಪರವಾನಗಿ ಕಡ್ಡಾಯ ಮಾಡಿ, ಗಾಡಿಯನ್ನು ಸುಸ್ಥಿತಿಯಲ್ಲಿಡುವುದು ಅದರ ಷರತ್ತು ಎಂದಿತು. ನಿಜ ಹೇಳಬೇಕೆಂದರೆ ಆ ಕಾಯ್ದೆಯ ಹಿಂದಿದ್ದ ದೊಡ್ಡ ಚಿಂತೆ ಲಾರಿಗಳ ಪೈಪೋಟಿಯಿಂದ ರೈಲ್ವೆಗೆ ಆಗುತ್ತಿದ್ದ ನಷ್ಟ. ಸುರಕ್ಷತೆ ಅದರ ಜೊತೆಗೆ ಬಂತು. ಅಮೆರಿಕದಲ್ಲಿ 1935ರ ಮೋಟಾರ್ ಕ್ಯಾರಿಯರ್ ಕಾಯ್ದೆ ಅಂತರರಾಜ್ಯ ಲಾರಿಗಳ ಸುರಕ್ಷತೆಯನ್ನು ಕೇಂದ್ರದ ಆಯೋಗವೊಂದಕ್ಕೆ ಒಪ್ಪಿಸಿತು.

ನಿಜವಾದ ತಿರುವು 1968ರದು. ಬ್ರಿಟನ್ನಿನ ಅಂದಿನ ಸಾರಿಗೆ ಕಾಯ್ದೆ ಹಳೆಯ ಪರವಾನಗಿ ಪದ್ಧತಿಯನ್ನು ಕಿತ್ತುಹಾಕಿ ‘ಆಪರೇಟರ್ ಲೈಸೆನ್ಸ್’ ತಂದಿತು. ಸ್ವಂತ ಸರಕು ಸಾಗಿಸಲಿ, ಬಾಡಿಗೆಗೆ ಓಡಿಸಲಿ, ಭಾರಿ ಗಾಡಿ ಇಟ್ಟುಕೊಳ್ಳುವ ಕಂಪನಿಗೆ ಅದು ಬೇಕು. ಗಾಡಿಗಳನ್ನು ಎಲ್ಲಿ ನಿಲ್ಲಿಸುತ್ತೀರಿ, ಯಾರು ಸರ್ವಿಸ್ ಮಾಡುತ್ತಾರೆ, ಎಷ್ಟು ವಾರಕ್ಕೊಮ್ಮೆ ತಪಾಸಣೆ, ಇವಕ್ಕೆಲ್ಲ ಕಂಪನಿ ಉತ್ತರ ಕೊಡಬೇಕು. ನಿರ್ವಹಣೆ ಸರಿಯಿಲ್ಲವೆಂದು ಕಂಡರೆ ಲೈಸೆನ್ಸ್ ಕೊಡುವ ಅಧಿಕಾರಿಯಾದ ಟ್ರಾಫಿಕ್ ಕಮಿಷನರ್ ಅದನ್ನೇ ರದ್ದು ಮಾಡಬಹುದು. ಅದುವರೆಗೆ ದಂಡ ಹೆಚ್ಚಾಗಿ ಬೀಳುತ್ತಿದ್ದದ್ದು ಒಂದು ಗಾಡಿಗೆ, ಒಬ್ಬ ಡ್ರೈವರ್‌ಗೆ. ಈಗ ಇಡೀ ಕಂಪನಿಯ ಅನ್ನಕ್ಕೇ ಕುತ್ತು ಬರುವಂತಾಯಿತು.

ಕಾರುಗಳ ಕಥೆ ಬೇರೆ. ಬ್ರಿಟನ್ನಿನಲ್ಲಿ 1960ರಲ್ಲಿ ಶುರುವಾದ ವಾರ್ಷಿಕ ಪರೀಕ್ಷೆ ಮೊದಲು 10 ವರ್ಷ ದಾಟಿದ ಗಾಡಿಗಳಿಗೆ ಮಾತ್ರ ಇತ್ತು. ನೋಡುತ್ತಿದ್ದದ್ದು ಬ್ರೇಕು, ಸ್ಟೇರಿಂಗ್, ದೀಪ. ನಪಾಸಾದ ಗಾಡಿಗಳ ಸಂಖ್ಯೆ ಸರ್ಕಾರವನ್ನೇ ದಂಗುಬಡಿಸಿತು. 1967ರ ಹೊತ್ತಿಗೆ ಮಿತಿ 3 ವರ್ಷಕ್ಕೆ ಇಳಿದಿತ್ತು. ಆದರೆ ಇಂಥ ಪರೀಕ್ಷೆ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು ಮಾತ್ರ. ಖಾಸಗಿ ಕಾರು ವರ್ಷವಿಡೀ ಓಡುವಷ್ಟನ್ನು ಕಂಪನಿಯ ಡೆಲಿವರಿ ವ್ಯಾನು ಕೆಲವೇ ತಿಂಗಳಲ್ಲಿ ಓಡಿಬಿಡುತ್ತದೆ. ಕೈಯಲ್ಲಿ ಫಿಟ್‌ನೆಸ್ ಪ್ರಮಾಣಪತ್ರ ಇದೆ ಎಂದು ನೆಮ್ಮದಿಯಾಗಿ ಕೂರುವ ಕಂಪನಿಗಳನ್ನು ನೆನೆದರೆ ನನಗೆ ಭಯವಾಗುತ್ತದೆ. ನೌಕರರು ತಮ್ಮ ಸ್ವಂತ ಕಾರು, ಬೈಕುಗಳನ್ನು ಕಂಪನಿ ಕೆಲಸಕ್ಕೆ ಓಡಿಸುವಾಗಲಂತೂ ಆ ಗಾಡಿಯ ಟೈರು ಹೇಗಿದೆ ಎಂದು ಕೇಳುವವರೇ ಇರುವುದಿಲ್ಲ.

ಈಗ ಬ್ರೇಕಿನ ಮಾತಿಗೆ ಬರೋಣ. ಈ ಇತಿಹಾಸ ಮತ್ತೆ ಮತ್ತೆ ಬಂದು ನಿಲ್ಲುವುದು ಅಲ್ಲಿಗೇ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ರೈಲಿಗಾಗಿ ಏರ್ ಬ್ರೇಕ್ ರೂಪಿಸಿದ. 1872ರ ಸುಧಾರಿತ ವಿನ್ಯಾಸದಲ್ಲಿ ಪೈಪು ಒಡೆದು ಗಾಳಿ ಸೋರಿದರೆ ಬ್ರೇಕು ತಾನಾಗಿಯೇ ಹಿಡಿಯುತ್ತಿತ್ತು. ಲಾರಿ, ಬಸ್ಸುಗಳ ಏರ್ ಬ್ರೇಕಿನಲ್ಲೂ ಇದೇ ವಿಚಾರ ಬೇರೊಂದು ರೂಪದಲ್ಲಿದೆ: ಗಾಳಿಯ ಒತ್ತಡ ಒಂದು ಬಲವಾದ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಿ ಹಿಡಿದಿರುತ್ತದೆ, ಗಾಳಿ ಹೋದರೆ ಸ್ಪ್ರಿಂಗ್ ಬಿಚ್ಚಿಕೊಂಡು ಚಕ್ರವನ್ನು ಹಿಡಿಯುತ್ತದೆ.

ಹಾಗಿದ್ದೂ ಬ್ರೇಕು ಏಕೆ ಕೈಕೊಡುತ್ತದೆ? ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಒತ್ತಿಕೊಂಡು ಅದನ್ನು ನಿಲ್ಲಿಸುವ ಪಟ್ಟಿಯೇ ಲೈನರ್. ಅದು ಸವೆದಂತೆ ಅದಕ್ಕೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚುತ್ತದೆ. ಬ್ರೇಕನ್ನು ಒತ್ತುವ ಸರಳು ಅಷ್ಟು ದೂರ ಹೆಚ್ಚಿಗೆ ಚಲಿಸಬೇಕು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕು ಒತ್ತುತ್ತಲೇ ಹೋದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಅಂತರ ಇನ್ನೂ ಹೆಚ್ಚುತ್ತದೆ. ಕೊನೆಗೆ ಸರಳಿನ ಚಲನೆ ಮುಗಿದುಹೋಗುತ್ತದೆ, ಲೈನರ್ ಮಾತ್ರ ಡ್ರಮ್ಮನ್ನು ಒತ್ತಿ ಹಿಡಿದಿರುವುದಿಲ್ಲ. ಬೆಳಗ್ಗೆ ಡಿಪೊದಲ್ಲಿ ತಣ್ಣಗೆ ನಿಂತ ಗಾಡಿಯ ಪೆಡಲ್ ಒತ್ತಿ ‘ಬ್ರೇಕು ಸರಿಯಿದೆ’ ಎಂದವನು ಸುಳ್ಳು ಹೇಳಿರುವುದಿಲ್ಲ. ಆದರೂ ಮಧ್ಯಾಹ್ನ ಘಟ್ಟ ಇಳಿಯುವಾಗ ಅದೇ ಬ್ರೇಕು ಇರುವುದಿಲ್ಲ. ಆ ಅಂತರವನ್ನು ಅಳೆಯಲು ಗಾಡಿಯ ಅಡಿ ನುಗ್ಗಬೇಕು, ಅದಕ್ಕೆ ತಿಳಿದವರು ಬೇಕು, ಸಮಯ ಬೇಕು.

ಅಮೆರಿಕದಲ್ಲಿ 1975ರಲ್ಲಿ ಭಾರಿ ವಾಹನಗಳ ಬ್ರೇಕಿಗೆ ಹೊಸ ಮಾನದಂಡ ಬಂತು. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಅದರಿಂದಾಗಿ ಗಾಡಿಗಳಿಗೆ ಬಂತು. ಅಂದಿನ ಎಬಿಎಸ್ ಇನ್ನೂ ಪಕ್ವವಾಗಿರಲಿಲ್ಲ, ದೂರುಗಳು ಬಂದವು. 1978ರಲ್ಲಿ ನ್ಯಾಯಾಲಯ ಆ ಭಾಗವನ್ನು ತಳ್ಳಿಹಾಕಿತು. ಲಾರಿಗಳಿಗೆ ಎಬಿಎಸ್ ಮತ್ತೆ ಕಡ್ಡಾಯವಾಗಲು 1997 ಬರಬೇಕಾಯಿತು. ಸವೆತಕ್ಕೆ ತಕ್ಕಂತೆ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವ ಅಡ್ಜಸ್ಟರ್ 1994ರಲ್ಲೇ ಕಡ್ಡಾಯವಾಗಿತ್ತು. ಇಷ್ಟಾದರೂ ಉತ್ತರ ಅಮೆರಿಕದ ರಸ್ತೆ ತಪಾಸಣೆಗಳಲ್ಲಿ ಲಾರಿಗಳನ್ನು ಅಲ್ಲೇ ನಿಲ್ಲಿಸಲು ಇಂದಿಗೂ ಮೊದಲ ಕಾರಣ ಬ್ರೇಕಿನ ದೋಷವೇ. ಅಲ್ಲಿನ ನಿಯಮದಲ್ಲಿ ಗಾಡಿಯ ಒಟ್ಟು ಬ್ರೇಕುಗಳಲ್ಲಿ ಶೇ. 20ರಷ್ಟು ಕೆಟ್ಟಿದ್ದರೂ ಸಾಕು, ರಿಪೇರಿಯಾಗದೆ ಅದು ಕದಲುವಂತಿಲ್ಲ.

ಟೈರಿನ ಪಾಠ ಇನ್ನೂ ಕಹಿ. 2012ರ ಸೆಪ್ಟೆಂಬರ್‌ನಲ್ಲಿ ಸಂಗೀತೋತ್ಸವ ಮುಗಿಸಿ ಹೊರಟ ಬಸ್ಸೊಂದರ ಮುಂದಿನ ಟೈರು ಇಂಗ್ಲೆಂಡಿನ ಸರ್ರೆಯಲ್ಲಿ ಒಡೆದು ಡ್ರೈವರ್ ಸೇರಿ ಮೂವರು ಸತ್ತರು. ಆ ಟೈರಿಗೆ 19 ವರ್ಷ ದಾಟಿತ್ತು, ಬಸ್ಸಿಗಿಂತಲೂ ಹಳೆಯದು. ಗ್ರಿಪ್ ಇನ್ನೂ ಉಳಿದಿತ್ತು, ಹೊರಗಿನಿಂದ ನೋಡಿದರೆ ದೋಷ ಕಾಣುತ್ತಿರಲಿಲ್ಲ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ, ಒಳಗಿನ ಪದರಗಳು ಬಿಟ್ಟುಕೊಳ್ಳುತ್ತವೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರ ಫೆಬ್ರವರಿ 1ರಿಂದ ಬ್ರಿಟನ್ನಿನಲ್ಲಿ ಲಾರಿ, ಬಸ್ಸುಗಳ ಮುಂದಿನ ಅಚ್ಚಿಗೆ 10 ವರ್ಷಕ್ಕಿಂತ ಹಳೆಯ ಟೈರು ಹಾಕುವಂತಿಲ್ಲ. ಟೈರಿನ ವಯಸ್ಸು ತಿಳಿಯುವುದು ಕಷ್ಟವಲ್ಲ. 2000ದಿಂದೀಚೆಗೆ ಪಕ್ಕದಲ್ಲಿ ‘ಡಾಟ್’ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು. ಸ್ಟೆಪ್ನಿಯಲ್ಲೂ ಈ ಅಂಕಿ ನೋಡಬೇಕು, ವರ್ಷಗಟ್ಟಲೆ ಯಾರೂ ಮುಟ್ಟದ ಟೈರು ಅದೇ.

ಚಾಲಕನ ದಣಿವನ್ನು ತಡೆಯಲೆಂದು, ಅವನು ಎಷ್ಟು ಹೊತ್ತು, ಎಷ್ಟು ವೇಗದಲ್ಲಿ ಓಡಿಸಿದ ಎಂದು ದಾಖಲಿಸುವ ಟ್ಯಾಕೊಗ್ರಾಫ್ ಯಂತ್ರವೂ ಇದೇ ಸರಪಳಿಯ ಒಂದು ಕೊಂಡಿ. ಯುರೋಪಿನ ಸಮುದಾಯ 1970ರಲ್ಲಿ ಅದನ್ನು ಕಡ್ಡಾಯ ಮಾಡುವ ನಿಯಮ ತಂದಿತು. ಬ್ರಿಟನ್ನಿನ ಲಾರಿ ಚಾಲಕರು ಅದನ್ನು ‘ಕ್ಯಾಬಿನ್ನಿನ ಗೂಢಚಾರ’ ಎಂದು ಕರೆದು ಸಿಟ್ಟಾದರು. ಆಮೇಲೆ ಜಿಪಿಎಸ್ ಬಂತು, ಎಂಜಿನ್ ತನ್ನ ದೋಷವನ್ನು ತಾನೇ ಕಚೇರಿಗೆ ತಿಳಿಸುವ ಸೆನ್ಸರ್‌ಗಳು ಬಂದವು. ಇವೆಲ್ಲ ಬೇಕು. ಆದರೆ ಟೈರಿನ ಪಕ್ಕದ ಸೀಳು, ಸಡಿಲಾದ ಚಕ್ರದ ನಟ್ಟು, ಒಡೆದ ಕನ್ನಡಿ, ಅಡಿಯಲ್ಲಿ ತೊಟ್ಟಿಕ್ಕುತ್ತಿರುವ ಎಣ್ಣೆಯನ್ನು ಇವತ್ತಿಗೂ ಕಂಡುಹಿಡಿಯುವುದು ಹೊರಡುವ ಮುನ್ನ ಗಾಡಿಯನ್ನು ಒಂದು ಸುತ್ತು ಹಾಕುವ ಮನುಷ್ಯನ ಕಣ್ಣು.

ಆ ಕಣ್ಣು ಕಂಡದ್ದು ಕಾಗದದಲ್ಲಿ ಏನಾಗುತ್ತದೆ ಎನ್ನುವುದೇ ಈಗ ಉಳಿದಿರುವ ಪ್ರಶ್ನೆ. ಅಮೆರಿಕದಲ್ಲಿ ಲಾರಿ ಚಾಲಕರು ದಿನದ ಕೊನೆಗೆ ಗಾಡಿಯ ಸ್ಥಿತಿಯ ವರದಿ ಬರೆಯಬೇಕಿತ್ತು, ದೋಷ ಇಲ್ಲದಿದ್ದರೂ. ಶೇ. 95ರಷ್ಟು ವರದಿಗಳಲ್ಲಿ ‘ದೋಷವಿಲ್ಲ’ ಎಂದೇ ಇರುತ್ತದೆಂದು ಅಲ್ಲಿನ ಸುರಕ್ಷತಾ ಸಂಸ್ಥೆ ಅಂದಾಜಿಸಿತು. ಆ ರಾಶಿಯಡಿ ನಿಜವಾದ ದೂರುಗಳು ಹೂತುಹೋಗುತ್ತಿದ್ದವು. 2014ರ ಡಿಸೆಂಬರ್‌ನಿಂದ ಸರಕು ಲಾರಿಗಳಿಗೆ ಖಾಲಿ ವರದಿಯ ಕಟ್ಟುಪಾಡು ಹೋಯಿತು. ದೋಷ ಕಂಡಾಗ ಬರೆಯುವ ಹೊಣೆ ಮಾತ್ರ ಹಾಗೇ ಉಳಿಯಿತು. ಇದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ನೋಡದೆಯೇ ಟಿಕ್ ಹಾಕುವ ಅಭ್ಯಾಸ ಒಮ್ಮೆ ಕೈಗೆ ಹತ್ತಿದರೆ, ನೋಡಿದ ದಿನವೂ ಕೈ ತಾನಾಗಿ ಟಿಕ್ ಹಾಕುತ್ತದೆ.

ದೋಷ ಬರೆದ ವರದಿಗೆ ಅಲ್ಲಿ ಮೂರು ಸಹಿ ಬೇಕು. ಮೊದಲನೆಯದು ದೋಷ ಕಂಡ ಡ್ರೈವರ್‌ನದು. ಎರಡನೆಯದು ಕಂಪನಿಯ ಕಡೆಯದು: ರಿಪೇರಿಯಾಗಿದೆ, ಇಲ್ಲವೇ ರಿಪೇರಿ ಬೇಕಿಲ್ಲ ಎಂದು ಬರೆದು ಹೊಣೆ ಹೊರಬೇಕು. ಬಾತ್‌ನಂಥ ದುರಂತಗಳಲ್ಲಿ ತನಿಖೆ ಹುಡುಕಿಕೊಂಡು ಹೋಗುವುದು ಇಂಥ ಸಹಿಯನ್ನೇ. ಮೂರನೆಯದು ಮರುದಿನ ಅದೇ ಗಾಡಿ ಹತ್ತುವ ಡ್ರೈವರ್‌ನದು. ಹಿಂದಿನ ವರದಿ ಓದಿ, ಗಾಡಿ ನೋಡಿ, ಒಪ್ಪಿಗೆಯಾದರೆ ಸಹಿ ಹಾಕಬೇಕು. ಬ್ರೇಕಿನ ಬಗ್ಗೆ ಬರೆದದ್ದಕ್ಕೆ ಎರಡನೆಯ ಸಹಿ ಬಿದ್ದಿಲ್ಲವೆಂದರೆ ಅವನು ಕೀಲಿಯನ್ನು ವಾಪಸು ಮೇಜಿನ ಮೇಲಿಡಬಹುದು. ಹಾಗೆ ಇಟ್ಟವನ ಅಂದಿನ ಕೂಲಿ ಕತ್ತರಿಸದ ಕಂಪನಿಯಲ್ಲಿ ಮಾತ್ರ ಆ ಮೂರನೆಯ ಸಹಿಗೆ ಅರ್ಥವಿರುತ್ತದೆ.